ಇಳಿದವರ ತೂಕ

ಮಾರ್ಚ್ 4, ಬೆಳಿಗ್ಗೆ 6.20

ಮೂರು ಮಷಿನ್ ಹಾರಿಹೋದವು. ಮೂರೂ ಬರಲಿ. ಟೀ ಆರಿಹೋಗಿದೆ. ಸಾಹೇಬರ ಅಪ್ಪಣೆ— "ರೈಟರ್, ಯುದ್ಧ ಮುಗಿಯೋದ್ರೊಳಗೆ ನಮ್ಮ ಯೂನಿಟ್ಟಿನ ಇತಿಹಾಸ ರೆಡಿ ಇರಬೇಕು." ನಲವತ್ತು ಪುಟ ಆಗಿದೆ. ಹಾರಾಟ ಎಷ್ಟು, ಗಂಟೆ ಎಷ್ಟು, ಗಾಯಾಳು ಎಷ್ಟು. ಮನುಷ್ಯರು ಅದರಲ್ಲಿ ಹಿಡಿಸುತ್ತಿಲ್ಲ. ಅದಕ್ಕೇ ಈ ನೋಟ್‌ಬುಕ್.

ಹೆಂಡತಿ ಫೋನಿನಲ್ಲಿ, "ನೀವು ಹಾರಲ್ಲ ತಾನೇ?"

"ಹೆಲಿಕಾಪ್ಟರ್ ಯೂನಿಟ್ಟಿಗೆ ಬಂದು ಹನ್ನೊಂದು ವರ್ಷ ಕಣೇ, ಕುರ್ಚಿ ಬಿಟ್ಟು ಮೇಲೆದ್ದಿಲ್ಲ."

ನಕ್ಕಳು. ನನಗೆ ನಾಚಿಕೆಯಾಯಿತು.

ಮಾರ್ಚ್ 5, ಸಂಜೆ

ಮೇಜರ್ ಮೇಡಂ ಎರಡನೇ ಮಷಿನನ್ನು ಹನ್ನೊಂದು ಗುಂಡಿನ ತೂತುಗಳೊಂದಿಗೆ ಇಳಿಸಿದರು. ಒಳಗಿದ್ದ ನಾಲ್ವರು ಗಾಯಾಳುಗಳಿಗೆ ಹೊಸದೊಂದು ಗೀರೂ ಇಲ್ಲ. ಹೆಲ್ಮೆಟ್ ತೆಗೆದವರು ಮೊದಲು ಕೇಳಿದ್ದು ನೀರನ್ನಲ್ಲ, ಮೇಸ್ತ್ರಿಯನ್ನು.

ಮೇಸ್ತ್ರಿ ಅಂದರೆ ನಮ್ಮ ಹಿರಿಯ ಮೆಕ್ಯಾನಿಕ್. ನಿವೃತ್ತಿಗೆ ಎಂಟು ತಿಂಗಳು. ಕಿವಿ ಮಂದ. ಆದರೆ ಎಂಜಿನ್ ಮೇಲೆ ಕೈಯಿಟ್ಟರೆ ವೈದ್ಯರು ನಾಡಿ ಹಿಡಿದ ಹಾಗೆ. ಬಾಲದ ಹತ್ತಿರ ಕೂದಲೆಳೆಯಷ್ಟು ಬಿರುಕು ಕಂಡುಹಿಡಿದರು.

"ಇದು ಹಾರಲ್ಲ."

ಸಾಹೇಬರು ಕೂಗಾಡಿದರು.

"ನಾಳೆ ಕೊಡ್ತೀನಿ ಸಾರ್. ಇವತ್ತು ಕೊಡಲ್ಲ."

ಮೇಡಂ ನಡುವೆ ಬಂದು, "ಮೇಸ್ತ್ರಿ ಬೇಡ ಅಂದ್ರೆ ಬೇಡ ಸಾರ್." ಮಾತು ಅಲ್ಲಿಗೆ ಮುಗಿಯಿತು.

ಮಾರ್ಚ್ 6, ಬೆಳಿಗ್ಗೆ 9

ಹೇಳಿದ ಹಾಗೆ ಕೊಟ್ಟರು. ರಿಪೇರಿಗೆ ಸಹಿ ಹಾಕಿದವನೇ ಮೊದಲ ಹಾರಾಟದಲ್ಲಿ ಕೂರಬೇಕು— ಯಾವ ರೂಲ್ ಬುಕ್ಕಿನಲ್ಲೂ ಇಲ್ಲ, ಮೇಸ್ತ್ರಿ ತಮಗೆ ತಾವೇ ಮಾಡಿಕೊಂಡ ಕಾನೂನು. ಹತ್ತಿ ಕೂತಿದ್ದಾರೆ. ಬೆಟ್ಟದ ಠಾಣೆಯಲ್ಲಿ ಐವರು ಗಾಯಾಳುಗಳು. ಸ್ಟ್ರೆಚರ್ ಹೊರಲು ಜನ ಸಾಲದು.

ಮೇಡಂ ಆಫೀಸಿನ ಬಾಗಿಲಲ್ಲಿ. "ರೈಟರ್, ಕೈ ಖಾಲಿ ಇದೆಯಾ?"

ಪೆನ್ನು ಕೈಯಲ್ಲೇ ಇತ್ತು. "ಇದೆ ಮೇಡಂ" ಅಂದುಬಿಟ್ಟೆ.

ಮಾರ್ಚ್ 9, ಸಂಜೆ

ವಾಪಸ್ ಬಂದೆವು.

ಆವತ್ತು ಠಾಣೆಯಲ್ಲಿದ್ದದ್ದು ಐವರಲ್ಲ, ಏಳು ಜನ. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಮಷಿನ್ ಹೆಚ್ಚು ಹೊರುವುದಿಲ್ಲ. ಏಳೂ ಜನರನ್ನು ಮಲಗಿಸಿದೆವು. ಮೇಡಂ ಮಷಿನ್ ಎತ್ತಿ ನೋಡಿದರು— ಒಂದು ಗೇಣು ಎದ್ದು ಧೊಪ್ಪೆಂದು ಕೂತಿತು. ಮೇಸ್ತ್ರಿ ಸೀಟು ಬಿಚ್ಚಿದರು. ಬಾಗಿಲು ಬಿಚ್ಚಿದರು. ಇಪ್ಪತ್ತೆಂಟು ವರ್ಷ ಯಾರಿಗೂ ಮುಟ್ಟಗೊಡದ ಟೂಲ್ ಬಾಕ್ಸನ್ನು ಕಲ್ಲಿನ ಮೇಲಿಟ್ಟರು. ಆಮೇಲೆ ತಾವೂ ಇಳಿದರು, ತಮ್ಮ ಬಸ್ ಸ್ಟಾಪ್ ಬಂತು ಎಂಬ ಹಾಗೆ.

ಇನ್ನೂ ಭಾರ.

ನಮ್ಮ ಜೊತೆ ಬಂದಿದ್ದ ನರ್ಸ್ ಅಣ್ಣ ಇಳಿಯುವಂತಿಲ್ಲ. ಒಬ್ಬನ ತೊಡೆಯ ಗಾಯವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದ. ಮೇಡಂ ಹಿಂದಕ್ಕೆ ತಿರುಗಿ ನೋಡಿದರು. ಇಳಿ ಅನ್ನಲಿಲ್ಲ. "ರೈಟರ್... ನಿಮ್ಮ ತೂಕ ಎಷ್ಟು?" ಅಷ್ಟೇ.

"ಅರವತ್ತೆಂಟು" ಅಂದೆ. ಕೆಳಕ್ಕೆ ಧುಮುಕಿದೆ.

ಮಷಿನ್ ಎದ್ದಿತು. ಬಂಡೆಯ ಅಂಚು ದಾಟಿದ್ದೇ ಕಣಿವೆಗೆ ಜಾರಿತು. ಆಮೇಲೆ ದೂರದಲ್ಲಿ ಚುಕ್ಕಿಯಾಗಿ ಮೇಲೇರಿತು.

"ನೀನ್ಯಾಕೋ ಇಳಿದೆ?" ಮೇಸ್ತ್ರಿ ಬೈದರು. ಬೈಯುತ್ತಲೇ ತಮ್ಮ ಮಫ್ಲರ್ ತೆಗೆದು ನನ್ನ ಕತ್ತಿಗೆ ಸುತ್ತಿದರು.

ಮೋಡ ಮುಚ್ಚಿಕೊಂಡಿತು. ಮೂರು ರಾತ್ರಿ ಠಾಣೆಯವರ ಬಂಕರಿನಲ್ಲಿ. ಶೆಲ್ ಬೀಳುತ್ತಲೇ ಇದ್ದವು. ನಾನು ಮೂಲೆಯಲ್ಲಿ ಮುದುಡಿದ್ದೆ. ಮೇಸ್ತ್ರಿ ಅಲ್ಲಿನ ಕೆಟ್ಟ ಜನರೇಟರ್ ಬಿಚ್ಚಿ ಹರವಿಕೊಂಡರು. "ಸುಮ್ನೆ ಕೂತ್ರೆ ಭಯ ಜಾಸ್ತಿ. ಬಾ, ಟಾರ್ಚ್ ಹಿಡಿ." ಹಿಡಿದೆ. ಅವರ ಕೈಯೂ ನಡುಗುತ್ತಿತ್ತು! ಆದರೂ ಒಂದು ಸ್ಕ್ರೂ ಕೆಳಗೆ ಬೀಳಲಿಲ್ಲ.

ಇವತ್ತು ಮೋಡ ಅಂಗೈಯಗಲ ಬಿರಿದದ್ದೇ ತಡ, ಮೇಡಂ ಇಳಿದರು. ಮೂರನೇ ಪ್ರಯತ್ನವಂತೆ. "ಏಳೂ ಜನ ಬದುಕಿದ್ದಾರೆ ಮೇಸ್ತ್ರಿ!" ರೆಕ್ಕೆಯ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಮೇಡಂ ಏಳು ಬೆರಳು ಎತ್ತಿ ತೋರಿಸಿದರು. ಮೇಸ್ತ್ರಿ ಮುಖ ಆಚೆ ತಿರುಗಿಸಿಕೊಂಡರು.

ಮಾರ್ಚ್ 11, ಮಧ್ಯಾಹ್ನ 2.15

ಸಾಹೇಬರು ಇತಿಹಾಸದ ಹೊಸ ಪುಟ ಓದಿದರು. 'ಇಬ್ಬರು ಸಿಬ್ಬಂದಿಯನ್ನು ಠಾಣೆಯಲ್ಲಿ ಬಿಡಲಾಯಿತು' ಎಂದು ಬರೆದಿದ್ದೆ. ಬೆರಳಿಟ್ಟರು.

"ಇದು ತಪ್ಪು. ಬಿಡಲಾಯಿತು ಅಲ್ಲ ರೈಟರ್. ಇಳಿದರು ಅಂತ ಬರಿ."

ತಿದ್ದಿದೆ. ಹೊರಗೆ ಎಂಜಿನ್ ಶುರುವಾಗಿದೆ. ನದಿಯಾಚೆ ನಾಲ್ವರು ಗಾಯಾಳುಗಳಂತೆ. ನನ್ನನ್ನು ಇನ್ನೂ ಯಾರೂ ಕರೆದಿಲ್ಲ. ಬೂಟಿನ ದಾರ ಕಟ್ಟಿಕೊಂಡೆ. ಮೇಡಂ ಈ ಕಡೆಗೇ ಬರು—