ಎರಡನೇ ಸರ್ವರಿನಲ್ಲಿ ಉಳಿದ ಅವ್ವ

ಪಡಿತರ ಸರ್ವರ್ ಕೇಂದ್ರದ ಮುಖ್ಯಸ್ಥರಿಗೆ,
ರಾಯಚೂರು

ಮಾನ್ಯರೇ,

ನನ್ನ ಅವ್ವ ಬಾಲಮ್ಮ ತೀರಿಹೋಗಿದ್ದಾಳೆ. ಈ ಸುದ್ದಿ ನಿಮ್ಮ ಎರಡನೇ ಸರ್ವರಿಗೆ ಇನ್ನೂ ಮುಟ್ಟಿಲ್ಲ. ಮೊದಲನೆಯದು ಕೆಟ್ಟಾಗಲೆಲ್ಲ ಎರಡನೆಯದು ಎದ್ದು ಅವಳನ್ನು ಹೆಸರು ಹಿಡಿದು ಕರೆಯುತ್ತದೆ.

ಕುರ್ಡಿಯ ಪಡಿತರ ಅಂಗಡಿಯ ಯಂತ್ರಕ್ಕೆ ನೀವು ಬಾಯಿ ಕೊಟ್ಟಿದ್ದೀರಿ. ಕಾರ್ಡಿನ ಸಂಖ್ಯೆ ಒತ್ತಿದರೆ ಯಜಮಾನರ ಹೆಸರು ಹೇಳಿ ಹೆಬ್ಬೆಟ್ಟು ಇಡಿ ಎನ್ನುತ್ತದೆ. ಅವ್ವನ ಮರಣಪತ್ರ ಕೊಟ್ಟ ಮೇಲೆ ಅದು ಅಪ್ಪ ಬೂದೆಪ್ಪನ ಹೆಸರು ಹೇಳತೊಡಗಿತ್ತು. ಮೊದಲ ಸರ್ವರ್ ಬಿದ್ದ ದಿನ ಮತ್ತೆ ಬಾಲಮ್ಮ ಎಂದಿತು. ಕುರಿ ಕಾಯುವ ನಮ್ಮ ಮನೆತನದಲ್ಲಿ ಸತ್ತವರ ಹೆಸರನ್ನು ವರ್ಷ ತುಂಬುವ ತನಕ ಗಟ್ಟಿಯಾಗಿ ಕೂಗುವುದಿಲ್ಲ. ಕೂಗಿದರೆ ಹೊಸ್ತಿಲಿಗೆ ಬಂದು ನಿಲ್ಲುತ್ತಾರೆಂಬ ಅಂಜಿಕೆ. ಅಂಗಡಿಯ ಪರಮಣ್ಣ, ಮನೆಯವರು ಯಾರು ಹೆಬ್ಬೆಟ್ಟು ಇಟ್ಟರೂ ನಡೆಯುತ್ತದೆ ಎಂದು ಅಪ್ಪನನ್ನು ಕರೆದ. ಅಪ್ಪ ಕೈ ಹಿಂದಕ್ಕೆ ಎಳೆದುಕೊಂಡ.

"ಆಕಿನ್ನ ಕರ್ಯಾಕತ್ತಾರ. ನಾ ಹ್ಯಾಂಗ ಇಡ್ಲಿ?"

ಖಾಲಿ ಚೀಲ ಹಿಡಿದು ಮನೆಗೆ ಬಂದ. ಅಂದಿನಿಂದ ಬಾಗಿಲಿಗೆ ಅಗಳಿ ಹಾಕಗೊಡುವುದಿಲ್ಲ. ಕುರಿಗಳ ಹಿಂದೆ ಹೋಗುವುದನ್ನೂ ಬಿಟ್ಟಿದ್ದಾನೆ, ಆಕೆ ಬಂದಾಗ ಮನೆಯಲ್ಲಿ ಯಾರಾದರೂ ಇರಬೇಕಂತೆ. ತುತ್ತು ಇಳಿಯುತ್ತಿಲ್ಲ. ಅವನನ್ನೂ ಕಳೆದುಕೊಳ್ಳುತ್ತೇನೆಂದು ನನಗೆ ಭಯವಾಗಿದೆ.

ಮಾನ್ವಿಯ ತಾಲೂಕು ಕಚೇರಿಯಲ್ಲಿ ಕೇಳಿದರೆ ರಾಯಚೂರಿಗೆ ಹೋಗು ಎಂದರು. ಬಂದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಎಂಜಿನಿಯರ್ ಸಂಕರ್ಷಣ ಅವರು ಕೂರಿಸಿ, ಚಹಾ ಕೊಟ್ಟು ವಿವರಿಸಿದರು. ಒಂದು ನಿಂತರೆ ಇನ್ನೊಂದು ತಾನಾಗಿ ಕೆಲಸ ಹಿಡಿಯುತ್ತದೆ, ಸೇವೆ ಕ್ಷಣವೂ ನಿಲ್ಲುವುದಿಲ್ಲ. ಆದರೆ ಮೊದಲನೆಯದರಲ್ಲಿ ಆದ ಬದಲಾವಣೆ ಎರಡನೆಯದಕ್ಕೆ ಹೋಗುತ್ತಿಲ್ಲ, ಅದರಲ್ಲಿರುವುದು ಹಳೆಯ ನಕಲು.

"ಸರಿ ಮಾಡ್ಲಿಕ್ಕೆ ಮ್ಯಾಲಿನವರ ಹುಕುಂ ಬೇಕ್ರೀ," ಎಂದರು.

ಆ ಮೇಲಿನವರು ತಾವೇ ಅಲ್ಲವೇ? ಎಡೆಬಿಡದ ಸೇವೆ ಎಂದು ಗೋಡೆಗೆ ಫಲಕ ಹಾಕಿಸಿದ್ದೀರಿ, ಅಭಿನಂದನೆಗಳು. ಬದುಕಿರುವ ನಮಗೆ ತಾವು ಸಿಗುವುದಿಲ್ಲ, ಸತ್ತ ನನ್ನ ಅವ್ವ ಮಾತ್ರ ತಮ್ಮಲ್ಲಿ ಸದಾ ಹಾಜರು. ತಮ್ಮ ಮನೆಯ ಹಿರಿಯರನ್ನು ಆ ಯಂತ್ರ ಹೀಗೆ ಊರ ಮುಂದೆ ಕರೆದಿದ್ದರೆ ಹುಕುಂ ಇಷ್ಟು ತಡವಾಗುತ್ತಿತ್ತೇ?

ಈ ತಿಂಗಳು ಅಪ್ಪನ ಜೊತೆ ನಾನೂ ಸಾಲಿನಲ್ಲಿ ನಿಂತೆ. ಸರ್ವರ್ ಬಿದ್ದಿತ್ತು. ಯಂತ್ರ ಅವ್ವನನ್ನು ಕರೆಯಿತು. ಅಪ್ಪ, ಆಕೆ ಮುಂದೆ ಬರಲೆಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವನಿಗೆ ಬುದ್ಧಿ ಹೇಳಲೆಂದೇ ಹೋಗಿದ್ದ ನಾನೂ ಸರಿದೆ.

ಮುಂದಿನ ಪಡಿತರದೊಳಗೆ ಎರಡೂ ಸರ್ವರುಗಳು ಒಂದೇ ಮಾತು ಆಡುವಂತೆ ಮಾಡಿಸಿ. ನನ್ನ ಅವ್ವನನ್ನು ಎರಡನೆಯದರಲ್ಲೂ ಸಾಯಲು ಬಿಡಿ.

ಇಂತಿ,
ಈಗ ತಾನೂ ಬಾಗಿಲಿಗೆ ಅಗಳಿ ಹಾಕದ
ಪ್ರಿಯದರ್ಶಿನಿ, ಕುರ್ಡಿ