ಸೋಸದ ನೀರು

ಹೊಸ ಗಂಗೊಳ್ಳಿ, ಲೇನಾ ನದಿಯ ಅಳಿವೆ
ಕ್ರಿ.ಶ. 2263, ಮಂಜೊಡೆತದ ಆರನೆಯ ದಿನ

ನಮಗಿಂತ ಮೊದಲು ಬದುಕಿದವರಿಗೆ,

ಈ ತಾರೀಖು ನಿಮಗೆ ಸುಳ್ಳೆನಿಸಬಹುದು. ನನ್ನ ಕೆಲವು ಮಾತುಗಳೂ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ನಾನು ಓದಿದ್ದು ಏಳನೆಯ ತರಗತಿಯವರೆಗೆ. ದಿನಚರಿ ಬರೆಯುವ ಅಭ್ಯಾಸವೊಂದಿದೆ, ಅಷ್ಟೆ. ನಮ್ಮಲ್ಲಿ ಮನೆಯವರೊಬ್ಬರು ತೀರಿಕೊಂಡು ವರ್ಷ ತುಂಬಿದ ದಿನ ಹಿಂದಿನವರಿಗೆ ಒಂದು ಕಾಗದ ಬರೆಯುತ್ತೇವೆ. ಹಿಂದೋಲೆ ಎನ್ನುತ್ತೇವೆ. ಹೋದವರನ್ನು ನೋಡಿಕೊಳ್ಳಿ ಎಂದು ಕೇಳಿ, ನಿಮ್ಮ ಆಶೀರ್ವಾದವಿರಲಿ ಎಂದು ಮುಗಿಸುವುದು ರೂಢಿ. ನನಗೆ ಇವತ್ತು ಆಶೀರ್ವಾದ ಬೇಕಾಗಿಲ್ಲ. ಬೆಳಗಿನಿಂದ ನೀರಳತೆ ಮನೆಯ ಬೆಂಚಿನ ಮೇಲೆ ಕೂತಿದ್ದೇನೆ. ತೊಡೆಯ ಮೇಲೆ ಒಂದು ಬಾಟಲಿ ನದಿ ನೀರಿದೆ. ಅದನ್ನು ಇಲ್ಲಿನವರು ಸೋಸದೆ, ಇದ್ದ ಹಾಗೆಯೇ ತೆಗೆದುಕೊಳ್ಳಬೇಕು. ಅದಕ್ಕೇ ಬಂದಿದ್ದೇನೆ.

ನಮ್ಮ ಹಿರಿಯರು ಸೌಪರ್ಣಿಕಾ ನದಿ ಸಮುದ್ರ ಸೇರುವ ಜಾಗದ ಮೀನುಗಾರರು. ಆ ದಡವನ್ನು ಕಡಲು ತೆಗೆದುಕೊಂಡ ಮೇಲೆ ಇಷ್ಟು ದೂರ ಉತ್ತರಕ್ಕೆ, ಹಿಮದ ಕಡಲು ಸೇರುವ ಈ ಲೇನಾ ನದಿಯ ದಡಕ್ಕೆ ಬಂದರು. ಇಲ್ಲಿನ ನೆಲ ಸಾವಿರಾರು ವರ್ಷ ಹೆಪ್ಪುಗಟ್ಟಿ ಕೂತಿತ್ತು. ಹೆಪ್ಪುನೆಲ ಎನ್ನುತ್ತೇವೆ. ಅದರೊಳಗೆ ಕೊಳೆಯದೆ ಉಳಿದ ಹುಲ್ಲು, ಬೇರು, ಪಾಚಿ ಎಲ್ಲ ಇದೆ. ನಿಮ್ಮ ಕಾಲದಲ್ಲೇ ಅದು ಕರಗಲು ಶುರುವಾಯಿತಂತೆ. ಈಗ ದಡದ ಗೋಡೆಗಳು ಮನೆಯಷ್ಟು ದೊಡ್ಡ ಹೆಂಟೆಗಳಾಗಿ ನದಿಗೆ ಬೀಳುತ್ತವೆ. ಆ ಹಳೆಯ ಗಿಡಗಳ ಇಂಗಾಲಕ್ಕೆ ನಮ್ಮ ಮಾತಿನಲ್ಲಿ ಹಳೆಯುಸಿರು ಎಂದು ಹೆಸರು. ಅದರಲ್ಲಿ ಒಂದು ಪಾಲು ನೀರಿನಲ್ಲಿ ಕರಗಿ ಚಹದ ಬಣ್ಣವಾಗಿ ಹರಿಯುತ್ತದೆ. ಇನ್ನೊಂದು ಪಾಲು ಕೆಸರಿನ ಕಣಗಳಿಗೆ ಅಂಟಿಕೊಂಡು ಹೋಗುತ್ತದೆ. ಅದರಲ್ಲಿ ಸ್ವಲ್ಪ ಕಡಲ ತಳದಲ್ಲಿ ಕೂರುತ್ತದೆ. ಉಳಿದದ್ದನ್ನು ಕಣ್ಣಿಗೆ ಕಾಣದ ಜೀವಿಗಳು ತಿಂದು ಗಾಳಿಯಾಗಿ ಬಿಡುತ್ತವೆ. ಆ ಗಾಳಿ ಕರಗಿ ಅಳಿವೆಯ ನೀರು ಹುಳಿಯಾಗುತ್ತದೆ. ಇಲ್ಲಿನ ಕಪ್ಪೆಚಿಪ್ಪು ಹೆಬ್ಬೆರಳಿನಲ್ಲಿ ಒತ್ತಿದರೆ ಹಪ್ಪಳದಂತೆ ಮುರಿಯುತ್ತದೆ. ನಾವು ತಿನ್ನುವುದು ಅದನ್ನೇ.

ನದಿ ಎಷ್ಟು ಹೊತ್ತು ತರುತ್ತಿದೆ ಎಂದು ಅಳೆಯುವುದು ನೀರಳತೆ ಮನೆಯ ಕೆಲಸ. ಬಾಟಲಿ ತುಂಬಿಕೊಡುವುದು ನಮ್ಮ ಕೆಲಸ. ಮನೆಗೊಂದು ವಾರದ ಸರದಿ. ಈಗ ನಮ್ಮ ಮೂರ್ಖತನವನ್ನು ಹೇಳಬೇಕು. ಯಾರಿಗೇ ನೀರು ಕೊಡಲಿ, ಸೋಸಿ ಕೊಡಬೇಕೆಂದು ನನ್ನ ಅಜ್ಜಿ ಕಲಿಸಿದ್ದರು. ಅವರಿಗೆ ಅವರ ಅಜ್ಜಿ ಕಲಿಸಿದ್ದರು. ಕೆಸರು ನೀರು ಕೊಡುವುದು ಮನೆಗೆ ಬಂದವರಿಗೆ ಮಾಡುವ ಅವಮಾನ. ಹಾಗಾಗಿ ಊರಿನ ಎಲ್ಲ ಹೆಂಗಸರೂ ಬಿಳಿ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ, ನದಿ ನೀರು ಸೋಸಿ, ಅಳತೆಗೆ ಕೊಟ್ಟೆವು. ಅಳತೆಯವರೂ ಕೇಳಲಿಲ್ಲ. ತಿಳಿನೀರಾದರೆ ಯಂತ್ರದ ನಳಿಗೆಯಲ್ಲಿ ಕೆಸರು ಕಟ್ಟಿಕೊಳ್ಳುವುದಿಲ್ಲವಲ್ಲ. ಬಟ್ಟೆಯಲ್ಲಿ ಉಳಿದ ಕೆಸರನ್ನು ಗಾಜಿನ ಮನೆಯ ಬಸಳೆ ಬುಡಕ್ಕೆ ಹಾಕುತ್ತಿದ್ದೆವು. ಬಸಳೆ ಸೊಂಪಾಗಿ ಬಂತು. ಮೂವತ್ತೊಂದು ವರ್ಷ ನದಿಯ ಲೆಕ್ಕದಲ್ಲಿ ‘ಎಂದಿನಂತೆ’ ಎಂದೇ ಬರೆದರು.

ಲೆಕ್ಕಕ್ಕೆ ಬರಬೇಕಾದ ಹಳೆಯುಸಿರನ್ನೇ ನಾವು ಸೋಸಿ ತೆಗೆಯುತ್ತಿದ್ದೇವೆ ಎಂದು ಮೊದಲು ಕಂಡವಳು ನನ್ನ ಮಗಳು ಸೌಪರ್ಣಿಕೆ. ಪರ್ಣಿ ಎಂದು ಕರೆಯುತ್ತಿದ್ದೆವು. ಆಗ ಅವಳಿಗೆ ಇಪ್ಪತ್ತೆರಡು ವರ್ಷ. ಇನ್ನೊಂದನ್ನೂ ಅವಳೇ ಹೇಳಿದಳು. ಮಂಜೊಡೆತ, ಅಂದರೆ ಚಳಿಗಾಲದ ಮಂಜುಗಡ್ಡೆ ಒಡೆದು ನದಿ ಉಕ್ಕುವ ಮೊದಲ ಎರಡು ಮೂರು ವಾರ. ವರ್ಷದ ಹೊರೆಯ ದೊಡ್ಡ ಪಾಲು ಆಗಲೇ ಹೋಗುತ್ತದೆ. ನಾವು ಮಾತ್ರ ನೀರು ತಿಳಿಯಾದ ಮೇಲೆ, ದಡ ಗಟ್ಟಿಯಾದ ಮೇಲೆ ಬಾಟಲಿ ಹಿಡಿದು ಹೊರಡುತ್ತಿದ್ದೆವು.

ಹೋದ ವರ್ಷ ಮಂಜೊಡೆತದ ಎರಡನೆಯ ದಿನ ಅವಳು ಒಬ್ಬಳೇ ಹೋದಳು. ಕಾಲಡಿಯ ಗಡ್ಡೆ ಒಡೆದು ಎದೆಯವರೆಗೆ ಮುಳುಗಿ, ಹೇಗೋ ಮೇಲೆ ಬಂದು, ನಡುಗುತ್ತಾ ಮನೆಗೆ ಬಂದಳು. ಬಾಟಲಿ ಮಾತ್ರ ಬಿಟ್ಟಿರಲಿಲ್ಲ. ನೀರು ರಾಗಿ ಗಂಜಿಯ ಹಾಗಿತ್ತು.

“ಇದನ್ನ ಕೊಟ್ರೆ ನಮ್ಮನ್ನ ಎಂಥ ಜನ ಅಂದ್ಕೊಳ್ತಾರೆ?” ಎಂದೆ.

“ನದಿಯ ರಾಡಿ ಅಮ್ಮಾ, ನಮ್ಮನೆದಲ್ಲ ಮಾರಾಯ್ತಿ,” ಎಂದು ಹಲ್ಲು ಕಟಕಟಿಸುತ್ತಲೇ ನಕ್ಕಳು. “ನೀನು ಪಂಚೆ ತಕ್ಕೊಂಡು ಬಂದ್ರೆ ನೋಡು ಮತ್ತೆ!”

ಸಂಜೆಗೆ ಜ್ವರ ಏರಿತು. ನಾಲ್ಕನೆಯ ದಿನ ನೀರಳತೆ ಮನೆಯ ವಿಠಪ್ಪ ಬಾಟಲಿ ಒಯ್ಯಲು ಬಾಗಿಲಿಗೆ ಬಂದ. ಒಳಗೆ ಅವಳಿಗೆ ಉಸಿರು ಕಟ್ಟುತ್ತಿತ್ತು. ನನ್ನ ಮನಸ್ಸೆಲ್ಲ ಅಲ್ಲಿತ್ತು. ಕೈ ತನ್ನ ಪಾಡಿಗೆ ಪಂಚೆ ಮಡಚಿತು, ಸೋಸಿತು, ತಿಳಿನೀರು ತುಂಬಿದ ಬಾಟಲಿಯನ್ನು ಅವನಿಗೆ ಕೊಟ್ಟಿತು. ನನಗೆ ಗೊತ್ತಾಗಲೇ ಇಲ್ಲ. ಆರನೆಯ ದಿನ ಪರ್ಣಿ ಹೋದಳು. ಎಲ್ಲ ಮುಗಿಸಿ ಬಂದು ಅಡುಗೆಮನೆಯಲ್ಲಿ ನೋಡಿದರೆ, ಬಟ್ಟೆ ಅಲ್ಲೇ ಇತ್ತು. ಕೆಸರು ಅದರಲ್ಲಿ ಒಣಗಿ ಬಿರುಕು ಬಿಟ್ಟಿತ್ತು.

ಮರುದಿನವೇ ನೀರಳತೆ ಮನೆಗೆ ಓಡಿದೆ. ತಡವಾಗಿತ್ತು. ಲೆಕ್ಕದಲ್ಲಿ ಬರೆದಾಗಿತ್ತು: ತಂದವರು, ಸೌಪರ್ಣಿಕೆ. ನೀರು, ಎಂದಿನಂತೆ. ತಪ್ಪು ನನ್ನದು, ತಿದ್ದಿ ಎಂದೆ. ರುಜು ಬಿದ್ದ ಸಾಲನ್ನು ತಿದ್ದುವ ಹಾಗಿಲ್ಲವಂತೆ. ಹಾಗಾದರೆ ಈ ಬಟ್ಟೆಯನ್ನಾದರೂ ಅಳೆಯಿರಿ ಎಂದೆ. ಬಟ್ಟೆ ಅಳೆಯುವ ಪದ್ಧತಿ ಇಲ್ಲವಂತೆ. ಯಾವ ಮಾತು ಸುಳ್ಳೆಂದು ತೋರಿಸಲು ನನ್ನ ಮಗಳು ಜೀವ ಕೊಟ್ಟಳೋ, ಅದೇ ಮಾತನ್ನು ಅವಳ ಹೆಸರಿನಲ್ಲಿ ಬರೆದು ಇಟ್ಟಿದ್ದಾರೆ. ಬರೆಸಿದವಳು ನಾನು. ಈ ವರ್ಷವಿಡೀ ನನ್ನ ದಿನಚರಿಯಲ್ಲಿ ಬೇರೇನೂ ಇಲ್ಲ.

ನಿಮ್ಮ ಮೇಲೂ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಈ ನೆಲ ಕರಗಲು ಶುರುವಾದದ್ದು ನಿಮ್ಮ ಕಣ್ಣೆದುರಿಗೆ. ನೀವೂ ನಿಮಗೆ ಅನುಕೂಲವಾದ ದಿನ ಹೋಗಿ, ಅನುಕೂಲವಾದಷ್ಟು ನೀರು ತಂದು, ಪರವಾಗಿಲ್ಲ ಎಂದುಕೊಂಡಿರೋ ಏನೋ. ನನಗೆ ಗೊತ್ತಿಲ್ಲ. ಕೇಳಲು ನೀವು ಸಿಗುವುದಿಲ್ಲ. ಒಂದನ್ನಾದರೂ ನಡೆಸಿಕೊಡಿ. ನದಿ ಉಕ್ಕುವಾಗ ಹೋಗಿ ನೋಡಿ, ಆದರೆ ಯಾರನ್ನೂ ಒಬ್ಬರನ್ನೇ ಕಳುಹಿಸಬೇಡಿ. ಅದು ಏನು ಹೊತ್ತು ತರುತ್ತದೋ ಅಷ್ಟನ್ನೂ ಬರೆದಿಡಿ. ಕಣ್ಣಿಗೆ ಚೆಂದ ಕಾಣಲೆಂದು ಏನನ್ನೂ ತೆಗೆಯಬೇಡಿ.

ನಿನ್ನೆ ನಾನು ಹೋದೆ. ನೆರೆಮನೆಯ ಅಕ್ಕಣಿಯಮ್ಮ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ದಡದಲ್ಲಿ ಹಿಡಿದು ನಿಂತಿದ್ದಳು. “ಬೀಳ್ಬೇಡ ಮಾರಾಯ್ತಿ, ನಿನ್ನನ್ನ ಎಳೆಯುವಷ್ಟು ಗಂಜಿ ನಾನು ಕುಡೀಲಿಲ್ಲ,” ಎಂದು ಬೈಯುತ್ತಲೇ ಇದ್ದಳು. ಬಾಟಲಿ ತುಂಬಿತು. ಪಂಚೆಯನ್ನು ಮನೆಯಿಂದ ಹೊರಡುವಾಗಲೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೆ. ನನ್ನ ಕೈಯ ಮೇಲೆ ನನಗೆ ನಂಬಿಕೆಯಿಲ್ಲ.

ಇವತ್ತು ಬೆಳಿಗ್ಗೆ ಕಿಟಕಿಯಲ್ಲಿ ಕೊಟ್ಟರೆ ವಿಠಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. “ಇದೆಂಥದು ಅಕ್ಕ, ಇಷ್ಟು ರಾಡಿ ಉಂಟಲ್ಲ? ನಳಿಗೆ ಕಟ್ಟಿಕೊಳ್ತದೆ. ಒಂದ್ಸಲ ಸೋಸಿ ತನ್ನಿ.”

“ನಳಿಗೆ ದೊಡ್ಡದು ಮಾಡಿ,” ಎಂದೆ. ನಾನು ದನಿ ಎತ್ತಿದ್ದನ್ನು ಅವನು ಯಾವತ್ತೂ ಕೇಳಿರಲಿಲ್ಲ. ಒಳಗೆ ಕೇಳಿ ಬರುತ್ತೇನೆ ಎಂದು ಎದ್ದು ಹೋದ. ಅದಾಗಿ ನಾಲ್ಕು ಗಂಟೆಯಾಯಿತು. ಇಲ್ಲಿ ಕೂತೇ ಈ ಕಾಗದ ಬರೆದೆ.

ನೀರನ್ನು ಸುಮ್ಮನೆ ಇಟ್ಟರೆ ಕೆಸರು ತಳಕ್ಕೆ ಇಳಿದು ಮೇಲೆ ತಿಳಿಯಾಗುತ್ತದೆ. ಇವರು ಮೇಲಿನದನ್ನು ಮಾತ್ರ ಬಗ್ಗಿಸಿಕೊಂಡಾರು. ಅದಕ್ಕೆ ಪುಟ ಮುಗಿದಾಗಲೆಲ್ಲ ಬಾಟಲಿ ಕುಲುಕುತ್ತಿದ್ದೇನೆ. ಈಗ ಬಾಗಿಲು ತೆರೆಯಿತು, ನನ್ನ ಹೆಸರು ಕರೆಯುತ್ತಿದ್ದಾರೆ. ಹೋಗಿ ಬರುತ್ತೇನೆ. ಇನ್ನೊಮ್ಮೆ ಚೆನ್ನಾಗಿ ಕುಲುಕಿ ಒಳಗೆ ಹೋಗುತ್ತೇನೆ.

ಪರ್ಣಿಯ ತಾಯಿ,
ಚಂದು