ಮಗುವನ್ನು ಎತ್ತಿಕೊಳ್ಳದ ದಿನ

ಮುದ್ದು ಮಗಳೇ,

ಮೊನ್ನೆ ನೀನು ಮಗುವನ್ನು ಕೈಗೆ ಕೊಡಲು ಬಂದಾಗ ನಾನು ಹಿಂದೆ ಸರಿದೆ. ನಿನ್ನ ಮುಖ ಸಪ್ಪಗಾಯಿತು.

ಅವತ್ತು ಬೆಳಿಗ್ಗೆ ಮಗ್ಗುಲು ಬದಲಿಸಿದ್ದೇ ತಡ, ಕೋಣೆಯೇ ದೋಣಿಯಂತೆ ತೇಲತೊಡಗಿತ್ತು. ಕಿಟಕಿಯ ಬೆಳಕು ಸುಳಿಯಾಗಿ ಸುತ್ತುತ್ತಾ ಸೂರಿಗೇರಿತು. ಕಣ್ಣು ಮುಚ್ಚಿದರೂ ನಿಲ್ಲಲಿಲ್ಲ. ಏಣಿಯ ತುದಿಯಲ್ಲಿ ನಿಂತು ಊರಿಗೆಲ್ಲ ಬಣ್ಣ ಬಳಿದವನಿಗೆ ನೆಲದ ಮೇಲೆ ನಿಲ್ಲಲು ಭಯ ಅಂತ ಹೇಗೆ ಹೇಳಲಿ ಕಣಮ್ಮಾ?

"ಕಿವಿಯೊಳಗಿನ ಸಣ್ಣ ಹರಳುಗಳು ಜಾಗ ತಪ್ಪಿವೆ, ಅಷ್ಟೇ" ಅಂದ ಡಾಕ್ಟರು ನನ್ನನ್ನು ಮಲಗಿಸಿ, ತಲೆಯನ್ನು ನಿಧಾನವಾಗಿ ಅತ್ತಿತ್ತ ಹೊರಳಿಸಿದರು. ಈಗ ಎಷ್ಟೋ ವಾಸಿ. ಬಗ್ಗಿ ಎದ್ದರೆ ಮಾತ್ರ ನೆಲ ಒಮ್ಮೆ ಉಸಿರೆಳೆದುಕೊಳ್ಳುತ್ತದೆ.

ಭಾನುವಾರ ಬಾ. ಚಾಪೆ ಹಾಸಿ, ದಿಂಬಿಗೆ ಒರಗಿ ಕೂತಿರುತ್ತೇನೆ. ಮಗುವನ್ನು ನೀನೇ ನನ್ನ ತೊಡೆ ಮೇಲೆ ಮಲಗಿಸು. ಕೂತರೆ ಎಷ್ಟು ಹೊತ್ತಾದರೂ ಹಿಡಿದುಕೊಂಡಿರಬಲ್ಲೆ.

ನಿನ್ನ ಅಪ್ಪ